ಪಿಎಚ್‌.ಡಿ ಪ್ರಬಂಧವನ್ನು ಪುಸ್ತಕ ಮಾಡಲು ಅವಸರವೇನು?

ಮೌಖಿಕ ಪರೀಕ್ಷೆ ಮುಗಿದು ಪದವಿಯ ಅಧಿಸೂಚನೆ ಕೈಗೆ ಬರುವುದೇ ತಡ, ಸಂಶೋಧಕರನ್ನು ಎಲ್ಲರೂ ಕೇಳುವ ಪ್ರಶ್ನೆ ‘ಪುಸ್ತಕ ಯಾವಾಗ?’ ಎಂಬುದು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳ ಸಿಬ್ಬಂದಿ ಕೊಠಡಿಯಲ್ಲಿ ಈ ಪ್ರಶ್ನೆಯ ಹಿಂದೆಯೇ ಒಂದು ಲೆಕ್ಕಾಚಾರವೂ ಇರುತ್ತದೆ: ಹುದ್ದೆಯ ಆಯ್ಕೆಯಲ್ಲಿ ಪುಸ್ತಕಕ್ಕೆ ಎಷ್ಟು ಅಂಕ?

ಈ ಲೆಕ್ಕವೇ ಈಗ ಕದಡಿದೆ. ಪ್ರಬಂಧ ಸಲ್ಲಿಸುವ ಮುನ್ನ ಸಂಶೋಧನಾ ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ನವೆಂಬರ್‌ನ ನಿಯಮಾವಳಿಯಲ್ಲಿ ಕೈಬಿಟ್ಟಿತು. 2023ರ ಜುಲೈನಿಂದ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌.ಡಿ ಕಡ್ಡಾಯವಲ್ಲ, ಎನ್‌ಇಟಿ ಅಥವಾ ಸ್ಲೆಟ್ ಅರ್ಹತಾ ಪರೀಕ್ಷೆ ಸಾಕು ಎಂದಾಯಿತು. 2025ರ ಜನವರಿಯಲ್ಲಿ ಬಂದ, ಅಧ್ಯಾಪಕರ ನೇಮಕಾತಿಯ ಕರಡು ನಿಯಮಗಳು ಅಂಕ ಕೂಡಿಸುವ ಪದ್ಧತಿಯನ್ನೇ ಬಿಟ್ಟು, ‘ಗಮನಾರ್ಹ ಕೊಡುಗೆ’ಯ ಒಂಬತ್ತು ಕ್ಷೇತ್ರಗಳನ್ನು ಮುಂದಿಟ್ಟವು. ಮರುತಿಂಗಳು, ಅಂಗೀಕೃತ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಆಯೋಗವೇ ನಿಲ್ಲಿಸಿತು. ಪ್ರತಿ ಸುದ್ದಿಯೂ ಬೇರೆ ಬೇರೆ ಹುದ್ದೆಗೆ, ಬೇರೆ ಬೇರೆ ಹಂತಕ್ಕೆ ಸಂಬಂಧಿಸಿದ್ದು. ಆದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಲ್ಲವೂ ಕಲಸಿಹೋಗಿ, ‘ಇನ್ನು ಪುಸ್ತಕಕ್ಕೆ ಬೆಲೆಯಿಲ್ಲ’ ಎಂದು ಒಬ್ಬರು, ‘ಹೊಸ ನಿಯಮ ಬರುವುದರೊಳಗೆ ಮುದ್ರಿಸಿಬಿಡಿ’ ಎಂದು ಇನ್ನೊಬ್ಬರು ಹೇಳುವಂತಾಯಿತು.

ಎರಡೂ ಸಲಹೆಗಳು ತಪ್ಪು. ಯಾಕೆಂದರೆ ಎರಡೂ ನಿಯಮದ ಪಠ್ಯವನ್ನು ಓದದೆ ಕೊಟ್ಟವು.

ಅಂಕ ಎಲ್ಲಿದೆ, ಎಲ್ಲಿಲ್ಲ

ಕರಡನ್ನು ಬದಿಗಿಟ್ಟು 2018ರ ಯುಜಿಸಿ ನಿಯಮಾವಳಿಯ ಕೋಷ್ಟಕಗಳನ್ನೇ ನೋಡೋಣ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆಯ್ದುಕೊಳ್ಳುವ ಕೋಷ್ಟಕದಲ್ಲಿ ಪಿಎಚ್‌.ಡಿ ಪದವಿಗೆ 30 ಅಂಕ. ಪ್ರಕಟಣೆಗಳಿಗೆ ಹೆಚ್ಚೆಂದರೆ 10. ಈ ಹತ್ತು ಅಂಕ ಸಿಗುವುದು ಸಂಶೋಧನಾ ಪತ್ರಿಕೆಗಳಲ್ಲಿ ಬಂದ ಲೇಖನಗಳಿಗೆ, ಒಂದಕ್ಕೆ ಎರಡರಂತೆ. ಪುಸ್ತಕದ ಮಾತೇ ಅಲ್ಲಿಲ್ಲ.

ಪುಸ್ತಕಕ್ಕೆ ಅಂಕವಿರುವುದು ಇನ್ನೊಂದು ಕೋಷ್ಟಕದಲ್ಲಿ. ಅದು ಸಂಶೋಧನಾ ಅಂಕಗಳ ಪಟ್ಟಿ. ಅಂತರರಾಷ್ಟ್ರೀಯ ಪ್ರಕಾಶಕರು ಹೊರತಂದ ಪುಸ್ತಕಕ್ಕೆ 12, ರಾಷ್ಟ್ರೀಯ ಪ್ರಕಾಶಕರದ್ದಕ್ಕೆ 10, ಸಂಪಾದಿತ ಗ್ರಂಥದಲ್ಲಿ ಒಂದು ಅಧ್ಯಾಯಕ್ಕೆ 5. ಈ ಪಟ್ಟಿಯ ಮೊತ್ತ ಬೇಕಾಗುವುದು ಮೇಲಿನ ಹುದ್ದೆಗಳ ನೇರ ನೇಮಕಾತಿಗೆ: ಸಹ ಪ್ರಾಧ್ಯಾಪಕರಿಗೆ ಕನಿಷ್ಠ 75, ಪ್ರಾಧ್ಯಾಪಕರಿಗೆ 120. ಸಹ ಪ್ರಾಧ್ಯಾಪಕ ಹುದ್ದೆಗೆ ಎಂಟು ವರ್ಷಗಳ ಬೋಧನೆಯ ಅಥವಾ ಸಂಶೋಧನೆಯ ಅನುಭವವೂ ಬೇಕು. ಅಂದರೆ ನಿನ್ನೆ ಪದವಿ ಪಡೆದವರ ಪುಸ್ತಕ ಈ ಲೆಕ್ಕದಲ್ಲಿ ಕೆಲಸಕ್ಕೆ ಬರುವುದು ಎಷ್ಟೋ ವರ್ಷಗಳ ಮೇಲೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುದ್ದೆಯ ಕನಸಿದ್ದವರಿಗಂತೂ ಈ ಕೋಷ್ಟಕದ ಚಿಂತೆಯೇ ಬೇಡ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2022ರ ಮಾರ್ಚ್‌ನಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ನಡೆಸಿದ್ದು ಲಿಖಿತ ಪರೀಕ್ಷೆ.

ಹಾಗಿದ್ದರೂ ಪದವಿ ಬಂದ ವರ್ಷವೇ, ಅತಿಥಿ ಉಪನ್ಯಾಸಕರ ಗೌರವಧನದಲ್ಲಿ ಉಳಿಸಿದ ಹಣ ಸುರಿದು, ಪ್ರಬಂಧವನ್ನು ಇದ್ದಂತೆಯೇ ಮುದ್ರಿಸುವವರಿದ್ದಾರೆ. ಅಂಕದ ಆಸೆಯಿಂದ ಹಾಗೆ ಮಾಡುತ್ತಿದ್ದರೆ ಆ ಅಂಕ ಈಗ ಅವರಿಗೆ ಸಿಗುವುದಿಲ್ಲ. ಕರಡು ಹಾಗೆಯೇ ಜಾರಿಗೆ ಬಂದರೂ ಈ ಮಾತು ಬದಲಾಗದು. ಅದರಲ್ಲಿ ಭಾರತೀಯ ಭಾಷೆಗಳಲ್ಲಿನ ಬೋಧನೆಯ ಕೊಡುಗೆಯೂ ಒಂದು ಕ್ಷೇತ್ರ ಎಂಬುದು ಕನ್ನಡದವರಿಗೆ ಕುತೂಹಲದ ಸಂಗತಿ ಹೌದು. ಆದರೆ ಕುಲಪತಿಗಳ ನೇಮಕದ ಅಧಿಕಾರದ ಪ್ರಶ್ನೆಯಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಆ ಕರಡನ್ನು ವಿರೋಧಿಸಿದವು. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಆ ರಾಜ್ಯಗಳ ಸಚಿವರ ಸಭೆ ನಡೆಯಿತು. ಕರಡೊಂದನ್ನು ನೆಚ್ಚಿ ಮುದ್ರಣಾಲಯಕ್ಕೆ ಮುಂಗಡ ಕೊಡುವುದು ಜಾಣತನವಲ್ಲ.

ಕಾಣೆಯಾದ ಒಂದು ಸಾಲು

ನಮ್ಮ ಮೂರು ಜಿಲ್ಲೆಗಳಿಗೆ ನೇರವಾಗಿ ತಟ್ಟುವ ಬದಲಾವಣೆಯೊಂದು ಸದ್ದಿಲ್ಲದೆ ಆಗಿಹೋಗಿದೆ. 2010ರ ಯುಜಿಸಿ ನಿಯಮದಲ್ಲಿ ಅಂತರರಾಷ್ಟ್ರೀಯ, ರಾಷ್ಟ್ರೀಯ ಎಂಬುದರ ಕೆಳಗೆ ಮೂರನೆಯ ಸಾಲೊಂದಿತ್ತು: ಐಎಸ್‌ಬಿಎನ್ ಹೊಂದಿದ ‘ಇತರ ಸ್ಥಳೀಯ ಪ್ರಕಾಶಕರು’. ಅದಕ್ಕೆ 15 ಅಂಕ. ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಒಬ್ಬರೇ ನಡೆಸುವ ಪ್ರಕಾಶನಕ್ಕೆ ಆ ಸಾಲಿನಲ್ಲಿ ಜಾಗವಿತ್ತು. 2018ರ ಕೋಷ್ಟಕದಲ್ಲಿ ಆ ಸಾಲು ಇಲ್ಲ.

ಹಾಗಾದರೆ ಬಳ್ಳಾರಿಯ ಪ್ರಕಾಶನ ಯಾವ ಸಾಲಿಗೆ ಸೇರಬೇಕು? ‘ರಾಷ್ಟ್ರೀಯ ಪ್ರಕಾಶಕ’ ಎಂದರೆ ಯಾರೆಂದು ಕೋಷ್ಟಕ ಬಿಡಿಸಿ ಹೇಳುವುದಿಲ್ಲ. ಕಡತ ಪರಿಶೀಲಿಸುವ ಸಮಿತಿ ಹೇಳಿದ್ದೇ ಅರ್ಥ. ಒಂದು ಸಮಿತಿ ಕನ್ನಡ ಪ್ರಕಾಶನವನ್ನು ರಾಷ್ಟ್ರೀಯವೆಂದು ಒಪ್ಪಬಹುದು, ಇನ್ನೊಂದು ಸೊನ್ನೆ ಹಾಕಬಹುದು. ಈ ಅನಿಶ್ಚಿತತೆಯ ಫಲ ಎದ್ದು ಕಾಣುವಂಥದ್ದು: ಊರಿನ ವಿಷಯದ ಮೇಲೆ ಊರಿನಲ್ಲೇ ಬರೆದ ಪ್ರಬಂಧ, ದೂರದ ನಗರದ ವಿಳಾಸವಿರುವ ಪ್ರಕಾಶನವನ್ನು ಹುಡುಕಿಕೊಂಡು ಹೋಗುತ್ತದೆ. ಕೆಲವರು ಪ್ರಬಂಧದ ಹೆಸರು ಹಿಡಿದು ಇಮೇಲ್ ಕಳಿಸುವ ವಿದೇಶಿ ವಿಳಾಸದ ಕಂಪನಿಗಳಿಗೆ ಕಡತ ಕೊಟ್ಟುಬಿಡುತ್ತಾರೆ. ಅಲ್ಲಿ ತಿದ್ದುವವರಿಲ್ಲ, ವಿಮರ್ಶಿಸುವವರಿಲ್ಲ. ಯಾರಾದರೂ ಕೊಂಡರೆ ಒಂದು ಪ್ರತಿ ಮುದ್ರಣವಾಗುತ್ತದೆ. ಅದರ ಬೆಲೆಯೂ ಕರೆನ್ಸಿಯೂ ಇಲ್ಲಿನ ಓದುಗರಿಗೆ ಎಟುಕುವಂಥದ್ದಲ್ಲ.

ಐಎಸ್‌ಬಿಎನ್ ಬಗ್ಗೆಯೂ ಒಂದು ಮಾತು. ಅದು ಗುಣಮಟ್ಟದ ಮುದ್ರೆಯಲ್ಲ, ಪುಸ್ತಕವನ್ನು ಗುರುತಿಸುವ 13 ಅಂಕಿಗಳ ಸಂಖ್ಯೆ ಮಾತ್ರ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಸ್ವತಃ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು. ‘ಐಎಸ್‌ಬಿಎನ್ ಶುಲ್ಕ’ ಎಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಅದು ಸಂಖ್ಯೆಯ ಬೆಲೆಯಲ್ಲ, ಅವರ ಓಡಾಟದ ಬೆಲೆ.

ಶೋಧಗಂಗಾದಲ್ಲಿದ್ದರೆ ಪ್ರಕಟವಾದಂತೆಯೇ?

ಪದವಿ ಪಡೆದ ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿಯನ್ನು ಇನ್‌ಫ್ಲಿಬ್‌ನೆಟ್ ಸಂಸ್ಥೆಗೆ ಸಲ್ಲಿಸಬೇಕೆಂದು ಯುಜಿಸಿ 2009ರಿಂದಲೂ ಹೇಳುತ್ತಿದೆ. ಅದು ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಎಲ್ಲರಿಗೂ ಸಿಗುತ್ತದೆ. ಇದರಿಂದ ಎರಡು ಭಯಗಳು ಹುಟ್ಟಿವೆ. ಒಂದು, ಅದೇ ಪಠ್ಯವನ್ನು ಪುಸ್ತಕ ಮಾಡಿದರೆ ಕೃತಿಚೌರ್ಯ ಎನ್ನುತ್ತಾರೆಯೇ? ಎರಡು, ಉಚಿತವಾಗಿ ಸಿಗುವುದನ್ನು ಯಾರು ಕೊಳ್ಳುತ್ತಾರೆ?

ಮೊದಲ ಭಯಕ್ಕೆ ಮೂಲ 2018ರ ಕೃತಿಚೌರ್ಯ ತಡೆ ನಿಯಮಗಳು. ಬೇರೆ ಬರಹಗಳೊಂದಿಗೆ ಸಾಮ್ಯತೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ, ಶೇ 60 ಮೀರಿದರೆ ಪ್ರಬಂಧ ಸಲ್ಲಿಸಿದವರ ನೋಂದಣಿಯೇ ರದ್ದು ಎಂದು ಅವು ಹೇಳುತ್ತವೆ. 2020ರ ಏಪ್ರಿಲ್‌ನಲ್ಲಿ ಆಯೋಗ ಇನ್ನೊಂದು ಪ್ರಕಟಣೆ ಹೊರಡಿಸಿ, ತನ್ನದೇ ಹಳೆಯ ಬರಹವನ್ನು ಹೊಸದೆಂದು ತೋರಿಸಿ ಶೈಕ್ಷಣಿಕ ಲಾಭ ಪಡೆಯುವುದೂ ತಪ್ಪು ಎಂದಿತು. ಇಲ್ಲಿ ಮುಖ್ಯವಾದದ್ದು ‘ಹೊಸದೆಂದು ತೋರಿಸಿ’ ಎಂಬ ಮಾತು. ಇಂಥ ವಿಶ್ವವಿದ್ಯಾಲಯದಿಂದ ಇಂಥ ವರ್ಷ ಪದವಿ ಪಡೆದ ಪ್ರಬಂಧದ ಪರಿಷ್ಕೃತ ರೂಪ ಇದು ಎಂದು ಪುಸ್ತಕದ ಮೊದಲ ಪುಟಗಳಲ್ಲೇ ಬರೆದರೆ ಬಚ್ಚಿಟ್ಟಂತಾಗುವುದಿಲ್ಲ. ಒಂದು ಅಧ್ಯಾಯ ಮೊದಲೇ ಪತ್ರಿಕೆಯಲ್ಲಿ ಲೇಖನವಾಗಿ ಬಂದಿದ್ದರೆ ಅದನ್ನೂ ಹೇಳಿ, ಪತ್ರಿಕೆಯ ಅನುಮತಿ ಪಡೆದಿರಬೇಕು. ವಿಚಿತ್ರವೆಂದರೆ, ಈ ಒಂದು ಸಾಲನ್ನು ಬರೆಯಲು ಹಲವರಿಗೆ ಸಂಕೋಚ. ‘ಪ್ರಬಂಧ’ ಎಂದರೆ ಪುಸ್ತಕ ಹಗುರವಾಗುತ್ತದೆ ಎಂಬ ಭಾವನೆ ಇರಬೇಕು.

ಎರಡನೆಯ ಭಯಕ್ಕೆ ಉತ್ತರ ಪುಸ್ತಕ ಹೇಗಿದೆ ಎಂಬುದರಲ್ಲಿದೆ. ಪ್ರಬಂಧವನ್ನೇ ಹೊದಿಕೆ ಬದಲಿಸಿ ಮಾರಿದರೆ ಕೊಳ್ಳದವರ ತಪ್ಪೇನೂ ಇಲ್ಲ.

ಮೂವರಿಗಾಗಿ ಬರೆದದ್ದು

ಪ್ರಬಂಧಕ್ಕೆ ಖಚಿತ ಓದುಗರು ಮೂವರು: ಮಾರ್ಗದರ್ಶಕರು ಮತ್ತು ಇಬ್ಬರು ಬಾಹ್ಯ ಪರೀಕ್ಷಕರು. ಬರೆದವರಿಗೆ ವಿಷಯ ಗೊತ್ತಿದೆ ಎಂದು ಈ ಮೂವರಿಗೆ ರುಜುವಾತಾಗಬೇಕು. ಅದಕ್ಕಾಗಿಯೇ ಮೊದಲ ಅಧ್ಯಾಯದಲ್ಲಿ ಉದ್ದೇಶ, ವ್ಯಾಪ್ತಿ, ವಿಧಾನ, ಪೂರ್ವಾಧ್ಯಯನಗಳ ಸಮೀಕ್ಷೆ ಸಾಲಾಗಿ ಬರುತ್ತವೆ. ಪ್ರತಿ ಅಧ್ಯಾಯದ ಆರಂಭದಲ್ಲಿ ಏನು ಹೇಳಲಿದ್ದೇನೆ ಎಂದೂ, ಕೊನೆಯಲ್ಲಿ ಏನು ಹೇಳಿದೆ ಎಂದೂ ಬರೆಯಲಾಗುತ್ತದೆ. ಪರೀಕ್ಷೆಗೆ ಇದು ಸರಿಯಾದ ಕ್ರಮ. ಪುಸ್ತಕ ಕೊಂಡವರಿಗೆ ಲೇಖಕರ ಅರ್ಹತೆಯ ಸಾಕ್ಷ್ಯ ಬೇಕಿಲ್ಲ, ವಿಷಯ ಬೇಕು.

ಉದಾಹರಣೆಗೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರ ಮೇಲೆ ಒಂದು ಪ್ರಬಂಧವಿದೆ ಎಂದುಕೊಳ್ಳಿ. ಅದರಲ್ಲಿ ಇಂಥ ವಾಕ್ಯ ಇರುವುದು ಬಹುತೇಕ ಖಚಿತ: ‘ಪ್ರಸ್ತುತ ಅಧ್ಯಾಯದಲ್ಲಿ ಕಾಲುವೆಯ ಕೊನೆಯ ಭಾಗದ ರೈತರು ಎದುರಿಸುತ್ತಿರುವ ನೀರಿನ ಅಭಾವದ ಸ್ವರೂಪವನ್ನು ಅವಲೋಕಿಸಲಾಗಿದ್ದು, ಸದರಿ ಸಮಸ್ಯೆಯು ಬಹು ಆಯಾಮಗಳನ್ನು ಹೊಂದಿರುವುದು ಕಂಡುಬರುತ್ತದೆ.’ ಯಾರು ಅವಲೋಕಿಸಿದರು, ಯಾರಿಗೆ ಕಂಡುಬಂತು, ಯಾವ ಆಯಾಮ ಎಂಬುದು ವಾಕ್ಯ ಮುಗಿದರೂ ತಿಳಿಯುವುದಿಲ್ಲ. ಅದೇ ಸಂಶೋಧಕರು ಮಾನ್ವಿಯ ಚಹಾದಂಗಡಿಯಲ್ಲಿ ಕುಳಿತು ಹೇಳಿದರೆ ಹೀಗೆ ಹೇಳುತ್ತಾರೆ: ‘ಈ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದವರು ಭತ್ತ ನಾಟಿ ಮಾಡಿದರು. ಹಾಗಾಗಿ ಕೊನೆಯ ಭಾಗದ ಜೋಳಕ್ಕೂ ನೀರು ಬರಲಿಲ್ಲ.’ ಮೂರು ವಾಕ್ಯಗಳಲ್ಲಿ ಕಾರಣ, ಕೃತ್ಯ, ಪರಿಣಾಮ ಮೂರೂ ಬಂದವು. ಪುಸ್ತಕ ಬೇಡುವುದು ಈ ಎರಡನೆಯ ಕನ್ನಡವನ್ನು. ಮಾತಿನ ರೂಪಗಳನ್ನು ತುರುಕಬೇಕಿಲ್ಲ. ಕರ್ತೃವನ್ನು ಮುಚ್ಚುವ ‘ಲಾಗಿದೆ’ಗಳನ್ನು ಕಿತ್ತರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಕ್ರಮದ ಕೆಲಸ. ಅದೇ ಪ್ರಬಂಧದಲ್ಲಿ ಅಣೆಕಟ್ಟೆಯ ಇತಿಹಾಸ ಎರಡನೆಯ ಅಧ್ಯಾಯ, ಜಿಲ್ಲೆಯ ಭೌಗೋಳಿಕ ವಿವರ ಮೂರನೆಯದು, ರೈತರ ಸಂದರ್ಶನ ಐದನೆಯದು. ಓದುಗ ಐದಕ್ಕೆ ಬರುವಷ್ಟರಲ್ಲಿ ಪುಸ್ತಕ ಮಡಚಿರುತ್ತಾನೆ. ಪುಸ್ತಕದಲ್ಲಿ ಐದನೆಯದೇ ಮೊದಲಾಗಬಹುದು. ಇತಿಹಾಸ ಬೇಕಾದಲ್ಲಿ ಬೇಕಾದಷ್ಟು ಬರಲಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಈ ಭಾಗದ ಮನೆಮನೆಯಲ್ಲೂ ನೀರಿನ ಲೆಕ್ಕ ನಡೆಯಿತು. ಕಾಲುವೆಯ ಹಂಚಿಕೆ ಹೇಗೆ, ಬೇಸಿಗೆ ಬೆಳೆಗೆ ನೀರು ಉಳಿಯುತ್ತದೆಯೇ ಎಂದು ತಿಳಿಯಬೇಕಾಗಿದ್ದವರು ಸಾವಿರಾರು. ಅಂಥ ಹೊತ್ತಿನಲ್ಲಿ ಇನ್ನೂರು ಪುಟದ ಓದಬಲ್ಲ ಪುಸ್ತಕ ಅಂಗಡಿಯಲ್ಲಿರುವುದಕ್ಕೂ, ರೆಕ್ಸಿನ್ ಬೈಂಡಿನ ಮೇಲೆ ಚಿನ್ನದಕ್ಷರ ಹೊತ್ತ ಸಂಪುಟ ವಿಭಾಗದ ಕಪಾಟಿನಲ್ಲಿರುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಕೋಷ್ಟಕವೂ ಅಳೆಯುವುದಿಲ್ಲ.

ಇದಕ್ಕೆ ವಿರುದ್ಧವಾದ ವಾದವೂ ಇದೆ, ಅದು ಹಗುರವಾದದ್ದಲ್ಲ. ಪರೀಕ್ಷಕರು ಒಪ್ಪಿದ ಪಠ್ಯವನ್ನು ಬದಲಿಸಿದರೆ ಅದರ ಅಧಿಕೃತತೆ ಹೋಗುತ್ತದೆ, ಅಡಿಟಿಪ್ಪಣಿ ಕಡಿದರೆ ಮುಂದಿನ ಸಂಶೋಧಕರಿಗೆ ಆಕರ ಸಿಗುವುದಿಲ್ಲ ಎನ್ನುವ ಹಿರಿಯ ಮಾರ್ಗದರ್ಶಕರಿದ್ದಾರೆ. ಕನ್ನಡದಲ್ಲಿ ಇದಕ್ಕೆ ದೊಡ್ಡ ಆಧಾರವೂ ಉಂಟು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾದ ಪಿಎಚ್‌.ಡಿ ಪ್ರಬಂಧ. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದ ಎಂ.ಎಂ. ಕಲಬುರ್ಗಿಯವರ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ವೂ ಹಾಗೆಯೇ ಬಂದದ್ದು. ಅವೆರಡೂ ಇಂದಿಗೂ ಆಕರಗ್ರಂಥಗಳು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಉತ್ಖನನದ ಬಗ್ಗೆ ಬಿ. ಸುಬ್ಬರಾವ್ ಬರೆದದ್ದು ಪುಣೆಯ ಡೆಕ್ಕನ್ ಕಾಲೇಜಿನ ಪ್ರಬಂಧ ಮಾಲೆಯಲ್ಲಿ 1948ರಲ್ಲೇ ಅಚ್ಚಾಯಿತು.

ಆದರೆ ಆ ಕಾಲದಲ್ಲಿ ಶೋಧಗಂಗಾ ಇರಲಿಲ್ಲ. ಪ್ರಬಂಧ ಉಳಿಯಬೇಕಾದರೆ ಅಚ್ಚಾಗುವುದೊಂದೇ ದಾರಿಯಾಗಿತ್ತು. ಇಂದು ಆಕರಪಠ್ಯವನ್ನು, ಅನುಬಂಧವನ್ನು, ಕೋಷ್ಟಕಗಳನ್ನು ಭಂಡಾರ ಕಾಪಾಡುತ್ತದೆ. ಪೂರ್ಣ ವಿವರ ಬೇಕಾದವರನ್ನು ಅಲ್ಲಿಗೆ ಕಳಿಸಬಹುದು. ಪುಸ್ತಕದ ಹೆಗಲಿನಿಂದ ಆ ಹೊರೆ ಇಳಿದಿದೆ. ಅದನ್ನು ಮತ್ತೆ ಹೊರಿಸುವುದೇಕೆ?

ಹೆಸರುಗಳನ್ನು ಏನು ಮಾಡುವುದು?

ಕ್ಷೇತ್ರಕಾರ್ಯ ಮಾಡಿದ ಪ್ರಬಂಧದ ಕೊನೆಯಲ್ಲಿ ವಕ್ತೃಗಳ, ಅಂದರೆ ಮಾಹಿತಿ ಕೊಟ್ಟವರ, ಪಟ್ಟಿ ಇರುತ್ತದೆ: ಹೆಸರು, ವಯಸ್ಸು, ಜಾತಿ, ಊರು, ಕೆಲವೊಮ್ಮೆ ಫೋನ್ ಸಂಖ್ಯೆಯೂ. ಬಯಲಾಟದ ಕಲಾವಿದರ ಬಗ್ಗೆಯೋ ಕಿನ್ನಾಳದ ಗೊಂಬೆ ಮಾಡುವವರ ಬಗ್ಗೆಯೋ ಬರೆದಿದ್ದರೆ ಹೆಸರು ಅಚ್ಚಾಗುವುದು ಅವರಿಗೆ ಸಲ್ಲಬೇಕಾದ ಗೌರವ. ಆದರೆ ಈ ಮೂರು ಜಿಲ್ಲೆಗಳಲ್ಲಿ ದೇವದಾಸಿ ಪದ್ಧತಿಗೆ ಸಿಲುಕಿದ ಮಹಿಳೆಯರ ಅಧ್ಯಯನಗಳೂ, ಗಣಿ ಕಾರ್ಮಿಕರ, ವಲಸೆ ಹೋದ ಕುಟುಂಬಗಳ ಅಧ್ಯಯನಗಳೂ ನಡೆಯುತ್ತವೆ. ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿತು. ಕಾನೂನಿನ ಕಣ್ಣಿನಲ್ಲಿ ಅಪರಾಧವಾದ ಸಂಗತಿಯ ನಡುವೆ ಬದುಕಿದ ಮಹಿಳೆ ಸಂದರ್ಶಕರಿಗೆ ಹೇಳಿದ್ದು, ಆಕೆಯ ಮಗಳ ಮದುವೆಯ ಮಾತುಕತೆಯ ಹೊತ್ತಿಗೆ ಊರಿನ ಗ್ರಂಥಾಲಯದಲ್ಲಿ ಪುಸ್ತಕವಾಗಿ ಕೂತಿರಬಾರದು.

ಪದವಿಗಾಗಿ ಮಾತಾಡಲು ಒಪ್ಪಿದವರು ಪುಸ್ತಕಕ್ಕೂ ಒಪ್ಪಿದಂತಲ್ಲ. ಮತ್ತೆ ಹೋಗಿ ಕೇಳಬೇಕು, ಇಲ್ಲವೇ ಹೆಸರು, ಊರು, ಗುರುತು ಹಿಡಿಯಬಹುದಾದ ವಿವರ ಎಲ್ಲವನ್ನೂ ಬದಲಿಸಬೇಕು. ಊರು ಹಾಗೆಯೇ ಇಟ್ಟು ಹೆಸರೊಂದನ್ನು ಬದಲಿಸಿದರೆ ಇನ್ನೂರು ಮನೆಯ ಹಳ್ಳಿಯಲ್ಲಿ ಯಾರೆಂದು ತಿಳಿಯಲು ಒಂದು ನಿಮಿಷ ಬೇಡ. ಅವಸರದ ಪುಸ್ತಕಗಳಲ್ಲಿ ಮೊದಲು ಬಲಿಯಾಗುವುದು ಈ ಎಚ್ಚರ.

ನುಡಿಯಿಂದ ಯೂನಿಕೋಡ್‌ಗೆ

ಡಿಟಿಪಿ ಮಾಡುವವರನ್ನು ಕೇಳಿದರೆ ನಿಜವಾದ ತಲೆನೋವು ಬೇರೆಯೇ ಇದೆ. ಹಲವು ಕನ್ನಡ ಪ್ರಬಂಧಗಳು ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾಗಿರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟುತ್ತದೆ, ಶಾಸನಪಾಠದ ಱ, ೞ ಬೇರೇನೋ ಆಗಿಬಿಡುವುದುಂಟು. ಮಸ್ಕಿಯ ಅಥವಾ ಕೊಪ್ಪಳದ ಗವಿಮಠದ ಶಾಸನಗಳ ಚರ್ಚೆಯಿರುವ ಪುಸ್ತಕದಲ್ಲಿ ಅಕ್ಷರವೇ ತಪ್ಪಿದರೆ ವಾದವೇ ಬಿತ್ತು. ಎ4 ಪುಟ ಪುಸ್ತಕದ ಅಳತೆಯಾದ 1/8 ಡೆಮಿಗೆ ಇಳಿದಾಗ ಕೋಷ್ಟಕಗಳು ಒಡೆಯುತ್ತವೆ. ‘ಪುಟ 212 ನೋಡಿ’ ಎಂಬ ಸೂಚನೆಗಳೆಲ್ಲ ಸುಳ್ಳಾಗುತ್ತವೆ. ಕರಡು ಕನಿಷ್ಠ ಎರಡು ಬಾರಿ ತಿದ್ದಬೇಕು, ಒಮ್ಮೆ ಲೇಖಕರಲ್ಲದವರು.

ಈ ಫಾಂಟ್ ಕಥೆಗೆ ಇನ್ನೊಂದು ಮುಖವಿದೆ. ಹಳೆಯ ನುಡಿಯ ಕಡತ ಕಂಪ್ಯೂಟರಿಗೆ ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸಾಮ್ಯತೆ ಪತ್ತೆ ಮಾಡುವ ತಂತ್ರಾಂಶ ಅದನ್ನು ಕನ್ನಡವಾಗಿ ಓದಲಾರದು. ಆದ್ದರಿಂದ ಪ್ರಬಂಧದ ಹೊತ್ತಿಗೆ ‘ಸಾಮ್ಯತೆ ಇಲ್ಲ’ ಎಂದು ಬಂದ ವರದಿಯನ್ನು ನೆಚ್ಚಿ ಕೂತವರ ಪುಸ್ತಕ ಯೂನಿಕೋಡ್‌ಗೆ ಬಂದಾಗ, ಬಿಟ್ಟುಹೋದ ಉದ್ಧರಣ ಚಿಹ್ನೆಗಳು ಮೊದಲ ಬಾರಿಗೆ ಬೆಳಕಿಗೆ ಬರಬಹುದು. ಮುದ್ರಿಸುವ ಮುನ್ನವೇ ನೋಡಿಕೊಳ್ಳುವುದು ಕ್ಷೇಮ.

ಕರಾರಿನಲ್ಲಿ ಬರೆಯದಿದ್ದರೆ

ಪ್ರಬಂಧದ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಬರೆದವರದ್ದೇ. 1957ರ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ ಅದು ಇರುತ್ತದೆ. ಪ್ರಕಾಶಕರಿಗೆ ಹಕ್ಕು ವರ್ಗಾಯಿಸುವುದಾದರೆ ಬರಹದಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ವ್ಯಾಪ್ತಿ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ವರ್ಗಾವಣೆ ಬಿದ್ದುಹೋಗುತ್ತದೆ. ಹಸ್ತಪ್ರತಿ ಕೊಟ್ಟು ಮೂರು ವರ್ಷವಾದರೂ ಪುಸ್ತಕ ಬರಲಿಲ್ಲ ಎಂದು ಕೈಚೆಲ್ಲಿ ಕೂತವರು ಇದನ್ನು ತಿಳಿದಿರಬೇಕು.

ನಮ್ಮಲ್ಲಿ ಬಹಳಷ್ಟು ವ್ಯವಹಾರ ಬಾಯಿಮಾತಿನದು. ಲೇಖಕರು ಮುದ್ರಣದ ಖರ್ಚು ಕೊಡುತ್ತಾರೆ, ಪ್ರಕಾಶಕರು ಹೆಸರು ಕೊಡುತ್ತಾರೆ, ಪ್ರತಿಗಳನ್ನು ಹಂಚಿಕೊಳ್ಳುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಎಷ್ಟು ಪ್ರತಿ ಅಚ್ಚಾದವು, ಗ್ರಂಥಾಲಯ ಇಲಾಖೆ ಕೊಂಡರೆ ಆ ಹಣ ಯಾರಿಗೆ, ಇ-ಪುಸ್ತಕದ ಹಕ್ಕು ಯಾರದ್ದು ಎಂಬ ಮೂರು ಸಾಲು ಕಾಗದದ ಮೇಲೆ ಇಲ್ಲದಿದ್ದರೆ ಸ್ನೇಹ ಕೆಡುವುದು ಅಲ್ಲಿಯೇ.

ಪ್ರತಿಗಳು ಎಲ್ಲಿಗೆ ಹೋಗುತ್ತವೆ?

ಒಂದು ಕಾಲಕ್ಕೆ ಇದಕ್ಕೆ ಉತ್ತರ ವಿಶ್ವವಿದ್ಯಾಲಯಗಳ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಬಳಿ ಇತ್ತು. ಹಂಪಿಯ ಪ್ರಸಾರಾಂಗ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ತಂದಿದೆ. ಹೊಸ ವಿಶ್ವವಿದ್ಯಾಲಯಗಳಿಂದ ಅದೇ ಬಗೆಯ ಕೆಲಸ ನಿರೀಕ್ಷಿಸುವುದು ಕಷ್ಟ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿದಾಗ ಕೊಪ್ಪಳ ವಿಶ್ವವಿದ್ಯಾಲಯದ ಹೆಸರೂ ಪಟ್ಟಿಯಲ್ಲಿತ್ತು. ಉಳಿವಿನ ಚಿಂತೆಯಲ್ಲಿರುವ ಸಂಸ್ಥೆ ಪ್ರಬಂಧ ಮಾಲೆ ಆರಂಭಿಸಲಿ ಎನ್ನುವುದು ಹೇಗೆ?

ಹಾಗಾಗಿ ಭಾರ ಸಣ್ಣ ಪ್ರಕಾಶಕರ ಮೇಲೆ ಬೀಳುತ್ತದೆ. ಅವರು ಕಣ್ಣಿಟ್ಟಿರುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ. ಆಯ್ಕೆ ತಡವಾದರೆ, ಬಿಲ್ ಬಾಕಿ ಉಳಿದರೆ, ಮುಂದಿನ ಪುಸ್ತಕದ ಪ್ರತಿಗಳ ಸಂಖ್ಯೆ ಇಳಿಯುತ್ತದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಕಾಗದಕ್ಕೆ ಇದೆ. ಕೊಟ್ಟ ತೆರಿಗೆಯನ್ನು ಪ್ರಕಾಶಕರು ಮರಳಿ ಪಡೆಯುವಂತಿಲ್ಲ, ಆದ್ದರಿಂದ ಅದು ಬೆಲೆಯಲ್ಲಿ ಸೇರುತ್ತದೆ. ಮುನ್ನೂರು ಪ್ರತಿ ಹಾಕುತ್ತಿದ್ದವರು ಬೇಡಿಕೆಯಷ್ಟೇ ಮುದ್ರಿಸುವ ಯಂತ್ರದಲ್ಲಿ ಐವತ್ತು ಹಾಕಿಸುತ್ತಾರೆ. ಐವತ್ತರಲ್ಲಿ ಲೇಖಕರ ಬಂಧುಮಿತ್ರರಿಗೆ, ಬಿಡುಗಡೆ ಸಮಾರಂಭದ ವೇದಿಕೆಗೆ ಹೋಗಿ ಉಳಿಯುವುದೆಷ್ಟು ಎಂದು ಊಹಿಸಬಹುದು.

ಕಾನೂನು ಕೂಡ ಈ ಕೊರತೆಯನ್ನು ತುಂಬುವುದಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಾಶಕರು 30 ದಿನಗಳೊಳಗೆ ತಮ್ಮ ಖರ್ಚಿನಲ್ಲಿ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಪುಸ್ತಕಗಳ ನೋಂದಣಿಯನ್ನೂ ಒಳಗೊಂಡಿದ್ದ 1867ರ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್‌ನಿಂದ ಬಂದ ಹೊಸ ಕಾಯ್ದೆಯಲ್ಲಿ ಪುಸ್ತಕಗಳೇ ಇಲ್ಲ. ರಾಯಚೂರಿನ ಕಾಲುವೆಯ ಮೇಲಿನ ಪುಸ್ತಕ ಕೋಲ್ಕತ್ತಾದಲ್ಲಿ ಇರಲೇಬೇಕು, ರಾಯಚೂರಿನಲ್ಲಿ ಇರಬೇಕೆಂಬ ನಿಯಮವಿಲ್ಲ. ಮಾನ್ವಿ, ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ತಲುಪಬೇಕಾದರೆ ಲೇಖಕರೇ ಚೀಲದಲ್ಲಿ ಹೊತ್ತು ಹೋಗಿ ಕೊಟ್ಟು, ದಾಖಲಾತಿ ಪುಸ್ತಕದಲ್ಲಿ ಬರೆಸಿ ಬರಬೇಕು.